ಸರಸ್ ದುರಂತ: ಮೂರು ಜೀವ, ವರದಿಯ ಒಂದು ವಾಕ್ಯ

2009ರ ಮಾರ್ಚ್ 6, ಶುಕ್ರವಾರ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರಗೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಹಳೆಯ ರನ್‌ವೇ ಬಹುಪಾಲು ಪರೀಕ್ಷಾ ಹಾರಾಟಗಳ ಪಾಲಿಗೆ ಉಳಿದಿತ್ತು. ಅಂದು ಮಧ್ಯಾಹ್ನ ಅಲ್ಲಿಂದ ಮೇಲೇರಿದ್ದು ದೇಶದಲ್ಲೇ ವಿನ್ಯಾಸಗೊಂಡ ಲಘು ಸಾರಿಗೆ ವಿಮಾನ ‘ಸರಸ್’ನ ಎರಡನೆಯ ಮೂಲಮಾದರಿ. ಒಳಗೆ ಇದ್ದವರು ವಾಯುಪಡೆಯ ಪರೀಕ್ಷಾ ಪೈಲಟ್‌ಗಳಾದ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ ಹಾಗೂ ಹಾರಾಟ ಪರೀಕ್ಷಾ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ. ಅಂದಿನ ಕೆಲಸದ ಪಟ್ಟಿಯಲ್ಲಿ ಮುಖ್ಯವಾದ ಒಂದು ಅಂಶವಿತ್ತು: ಎರಡು ಎಂಜಿನ್‌ಗಳ ಪೈಕಿ ಎಡಗಡೆಯದನ್ನು ಆಕಾಶದಲ್ಲಿ ಬೇಕೆಂದೇ ನಿಲ್ಲಿಸಿ, ಮತ್ತೆ ಚಾಲೂ ಮಾಡಿ ನೋಡುವುದು.

ಎಂಜಿನ್ ನಿಂತಿತು. ಮರುಚಾಲನೆಯ ಯತ್ನದಲ್ಲಿ ವಿಮಾನ ಹತೋಟಿ ತಪ್ಪಿತು. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಬಿಡದಿ ಸಮೀಪದ ಶೇಷಗಿರಿಹಳ್ಳಿ ಬಳಿಯ ಬಯಲಿಗೆ ಬಿದ್ದು ಹೊತ್ತಿ ಉರಿಯಿತು. ಮೂವರಲ್ಲಿ ಯಾರೂ ಬದುಕಲಿಲ್ಲ. ಊರಿನ ಮೇಲೆ ಬೀಳದೆ ಬಯಲಿನಲ್ಲಿ ಬಿದ್ದುದರಿಂದ ಸಾವಿನ ಸಂಖ್ಯೆ ಮೂರಕ್ಕೇ ನಿಂತಿತು ಎಂಬುದಷ್ಟೇ ಆ ದಿನದ ಸಮಾಧಾನ.

ವಿಮಾನ ಅಪಘಾತವೆಂದರೆ ಮರುದಿನವೇ ‘ಪೈಲಟ್ ತಪ್ಪೇ, ಯಂತ್ರದ ತಪ್ಪೇ’ ಎಂಬ ಚರ್ಚೆ ಆರಂಭವಾಗುವುದು ವಾಡಿಕೆ. ಈ ಪ್ರಕರಣದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖಾ ವರದಿ ಕೊಟ್ಟ ಉತ್ತರ ಈ ಎರಡಕ್ಕೂ ಪೂರ್ತಿಯಾಗಿ ಹೊಂದುವುದಿಲ್ಲ. ಎಂಜಿನ್ ಮರುಚಾಲನೆಗೆ ತಯಾರಕರು ರೂಪಿಸಿದ ವಿಧಾನವೇ ಸರಿಯಾಗಿರಲಿಲ್ಲ. ಆ ವಿಧಾನವನ್ನು ಸಾಕಷ್ಟು ಎತ್ತರವಿಲ್ಲದೆಡೆ ಸಿಬ್ಬಂದಿ ಅನುಸರಿಸಿದರು. ಪರಿಣಾಮವಾಗಿ ವಿಮಾನ ರಭಸವಾಗಿ ಎತ್ತರ ಕಳೆದುಕೊಂಡು ಅಸಹಜವಾಗಿ ವರ್ತಿಸಿತು ಎಂಬುದು ವರದಿಯ ತಿರುಳು. ಇಲ್ಲಿ ‘ತಯಾರಕರು’ ಎಂದರೆ ಯಾವುದೋ ವಿದೇಶಿ ಕಂಪನಿಯಲ್ಲ. ಬೆಂಗಳೂರಿನದೇ ಸರ್ಕಾರಿ ಸಂಶೋಧನಾ ಸಂಸ್ಥೆ, ಎನ್‌ಎಎಲ್ ಎಂದೇ ಪರಿಚಿತವಾದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್.

ವರದಿಯ ಈ ಒಂದು ವಾಕ್ಯದಲ್ಲಿ ಎರಡು ಕ್ರಿಯಾಪದಗಳಿವೆ. ಒಂದು ‘ರೂಪಿಸಿದ್ದು’, ಇನ್ನೊಂದು ‘ಅನುಸರಿಸಿದ್ದು’. ರೂಪಿಸಿದವರು ನೆಲದ ಮೇಲಿದ್ದರು, ಅನುಸರಿಸಿದವರು ಆಕಾಶದಲ್ಲಿದ್ದರು. ಸರಸ್ ದುರಂತವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಎರಡು ಪದಗಳ ನಡುವಿನ ದೂರವನ್ನು ಅರಿಯಬೇಕು.

ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವುದು ಕೇಳಲು ಹುಚ್ಚು ಸಾಹಸದಂತೆ ತೋರಬಹುದು. ವಾಸ್ತವದಲ್ಲಿ ಯಾವುದೇ ಹೊಸ ವಿಮಾನಕ್ಕೆ ಪ್ರಮಾಣಪತ್ರ ಸಿಗಬೇಕಾದರೆ ಇದು ತಪ್ಪಿಸಲಾಗದ ಪರೀಕ್ಷೆ. ನಾಳೆ ಪ್ರಯಾಣಿಕರಿರುವಾಗ ಒಂದು ಎಂಜಿನ್ ತಾನಾಗಿ ನಿಂತರೆ ಪೈಲಟ್ ಏನು ಮಾಡಬೇಕು ಎಂಬ ಪುಸ್ತಕದ ಪುಟ ಇಂದಿನ ಈ ಪರೀಕ್ಷೆಯಿಂದಲೇ ಬರೆಯಲ್ಪಡುತ್ತದೆ. ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ಎಂಜಿನ್ ನಿಂತಾಗ ಅಪಾಯ ತರುವುದು ನಿಂತ ಎಂಜಿನ್ ಒಂದೇ ಅಲ್ಲ, ಅದರ ಪ್ರೊಪೆಲ್ಲರ್ ಕೂಡ. ಗಾಳಿಗೆ ಮೊರವನ್ನು ಅಂಚು ಮುಂದಾಗಿ ಹಿಡಿದರೆ ಕೈಗೆ ಭಾರವೇ ಅನಿಸುವುದಿಲ್ಲ. ಅದನ್ನೇ ಅಗಲವಾಗಿ ಅಡ್ಡ ಹಿಡಿದರೆ ತೋಳು ಹಿಂದಕ್ಕೆ ಸೆಳೆಯುತ್ತದೆ. ಪ್ರೊಪೆಲ್ಲರ್‌ನ ಅಲಗುಗಳೂ ಹಾಗೆಯೇ. ಎಂಜಿನ್ ನಿಂತಾಗ ಅಲಗುಗಳನ್ನು ಅಂಚು ಮುಂದಾಗುವಂತೆ ತಿರುಗಿಸಿಡುತ್ತಾರೆ. ಇದಕ್ಕೆ ‘ಫೆದರಿಂಗ್’ ಎನ್ನುತ್ತಾರೆ. ಮರುಚಾಲನೆಯ ವೇಳೆ ಎಂಜಿನ್ ಶಕ್ತಿ ಕೊಡಲು ಸಿದ್ಧವಾಗುವ ಮೊದಲೇ ಅಲಗುಗಳು ಅಡ್ಡ ತಿರುಗಿದರೆ ಪ್ರೊಪೆಲ್ಲರ್ ವಿಮಾನವನ್ನು ತಳ್ಳುವುದಿಲ್ಲ, ಹಿಡಿದು ನಿಲ್ಲಿಸುತ್ತದೆ. ಒಂದು ಬದಿಯ ಎಂಜಿನ್ ಮುಂದಕ್ಕೆ ನೂಕುತ್ತಿರುವಾಗ ಇನ್ನೊಂದು ಬದಿ ಹಿಂದಕ್ಕೆ ಎಳೆದರೆ ಏನಾಗಬಹುದು ಎಂಬುದನ್ನು ಊಹಿಸಲು ವಿಮಾನಶಾಸ್ತ್ರ ಓದಿರಬೇಕಿಲ್ಲ.

ಹೀಗಾಗಿ ಯಾವ ಸ್ವಿಚ್ಚನ್ನು ಯಾವುದರ ನಂತರ ಒತ್ತಬೇಕು, ಯಾವ ಸನ್ನೆಯನ್ನು ಯಾವ ಹಂತದಲ್ಲಿ ಸರಿಸಬೇಕು ಎಂಬ ಕ್ರಮ ಇಲ್ಲಿ ಜೀವ-ಮರಣದ ಪ್ರಶ್ನೆ. ಎಂಜಿನ್ ಕೆನಡಾದ ಪ್ರ್ಯಾಟ್ ಅಂಡ್ ವಿಟ್ನಿ ಸಂಸ್ಥೆಯದು. ಪ್ರೊಪೆಲ್ಲರ್ ಬೇರೊಂದು ಕಂಪನಿಯದು. ಇವೆರಡನ್ನೂ ಒಂದುಗೂಡಿಸಿ, ಅದರಲ್ಲೂ ಬಾಲದ ಸಮೀಪ ಹಿಂದಿನಿಂದ ತಳ್ಳುವಂತೆ ಜೋಡಿಸಿದ್ದು ಎನ್‌ಎಎಲ್. ಅಪಘಾತಕ್ಕೆ ಪೂರಕವಾದ ಕಾರಣಗಳಲ್ಲಿ ತನಿಖಾ ವರದಿ ಎತ್ತಿ ಹೇಳಿದ ಸಂಗತಿ ಎಂದರೆ, ಮರುಚಾಲನೆಯ ಕ್ರಮವನ್ನು ರೂಪಿಸುವಾಗ ಪ್ರೊಪೆಲ್ಲರ್ ತಯಾರಕರನ್ನು ಕೇಳಿರಲಿಲ್ಲ ಎಂಬುದು. ಹಣವಿಲ್ಲದೆ ಆದ ಲೋಪ ಇದಲ್ಲ, ತಂತ್ರಜ್ಞಾನ ನಿರಾಕರಿಸಲ್ಪಟ್ಟು ಆದ ಲೋಪವೂ ಅಲ್ಲ. ಒಂದು ಪತ್ರ ಬರೆದು ಉತ್ತರ ಬರುವವರೆಗೆ ಕಾಯಬೇಕಾಗಿದ್ದ ಕೆಲಸ.

ಇನ್ನು ಎತ್ತರದ ವಿಚಾರ. ಪರೀಕ್ಷೆ ಆರಂಭವಾದದ್ದು ಸುಮಾರು 9,000 ಅಡಿಯಲ್ಲಿ. ವಿಮಾನದ ಎತ್ತರವನ್ನು ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಅಳೆಯುತ್ತಾರೆ ಎಂಬುದನ್ನು ಓದುಗರು ಮರೆಯಬಾರದು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೇ ಸಮುದ್ರ ಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. ಅಂದರೆ ಕಾಗದದ ಮೇಲೆ ಒಂಬತ್ತು ಸಾವಿರ ಅಡಿ ಇದ್ದರೂ ಕಾಲಡಿಯ ನೆಲಕ್ಕೆ ಆರು ಸಾವಿರದ ಆಸುಪಾಸಿನಷ್ಟೇ ಅಂತರ. ಮರುಚಾಲನೆ ಮೊದಲ ಯತ್ನದಲ್ಲೇ ಕೈಗೂಡಿದ್ದರೆ ಅದು ಸಾಕಾಗುತ್ತಿತ್ತೇನೋ. ಕೈಗೂಡದಿದ್ದರೆ, ವಿಮಾನ ತಲೆಕೆಳಗಾದರೆ, ಮತ್ತೆ ಹತೋಟಿಗೆ ತರಲು ಉಳಿಯುವ ಸಮಯ ಸೆಕೆಂಡುಗಳ ಲೆಕ್ಕದ್ದು. ಪರೀಕ್ಷಾ ಹಾರಾಟದಲ್ಲಿ ಎತ್ತರವೆಂಬುದು ಬ್ಯಾಂಕಿನಲ್ಲಿಟ್ಟ ಹಣವಿದ್ದಂತೆ ಎಂದು ಪೈಲಟ್‌ಗಳು ಹೇಳುವುದುಂಟು. ಅಂದು ಖಾತೆಯಲ್ಲಿ ಹೆಚ್ಚೇನೂ ಇರಲಿಲ್ಲ.

ವರದಿ ಸಿಬ್ಬಂದಿಯನ್ನೂ ಬಿಟ್ಟಿಲ್ಲ. ಕಾಕ್‌ಪಿಟ್‌ನೊಳಗಿನ ಸಮನ್ವಯದ ಕೊರತೆ, ನಿಯಂತ್ರಣಗಳ ನಿರ್ವಹಣೆ, ಎಡ ಎಂಜಿನ್ ಹೊತ್ತಿಕೊಳ್ಳದಿದ್ದಾಗ ನೆಲದ ಟೆಲಿಮೆಟ್ರಿ ಕೇಂದ್ರದೊಂದಿಗೆ ಸಮಾಲೋಚಿಸಿ ಹಾರಾಟವನ್ನು ಮೊಟಕುಗೊಳಿಸದಿರುವುದು ಇವೂ ಅದರಲ್ಲಿ ದಾಖಲಾಗಿವೆ. ಇದನ್ನು ಮುಚ್ಚಿಡುವುದು ಮೃತರಿಗೆ ಸಲ್ಲಿಸುವ ಗೌರವವಲ್ಲ. ಆದರೆ ಒಂದು ಮಾತನ್ನು ಸೇರಿಸಲೇಬೇಕು. ಟೆಲಿಮೆಟ್ರಿ ಎಂದರೆ ವಿಮಾನದ ಪ್ರತಿಯೊಂದು ಅಂಕಿಅಂಶವೂ ಕ್ಷಣಕ್ಷಣಕ್ಕೆ ನೆಲದ ಪರದೆಯ ಮೇಲೆ ಮೂಡುವ ವ್ಯವಸ್ಥೆ. ಪರದೆಯ ಮುಂದೆ ಕುಳಿತವರಿಗೆ ತಲೆ ತಿರುಗುವುದಿಲ್ಲ, ಆಸನ ವಾಲುವುದಿಲ್ಲ. ‘ಸಾಕು, ಹಿಂದಿರುಗಿ’ ಎಂದು ಹೇಳಲು ಹೆಚ್ಚು ಸುಲಭವಾದ ಸ್ಥಾನ ಅದೇ. ಹಾರಾಟ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿ, ಯಾವ ಅಂಕಿ ಕಂಡಾಗ, ಎಂಬುದು ಮೊದಲೇ ಕಾಗದದ ಮೇಲೆ ನಿಚ್ಚಳವಾಗಿರಬೇಕು. ಮತ್ತೆ ಕಾಗದಕ್ಕೇ ಬಂದೆವು.

ಇಷ್ಟಕ್ಕೂ ಸರಸ್ ಯಾರಿಗಾಗಿ? ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ಕಳ್ಳಕವಟಗಿಯಂತಹ ಊರಿನ ದ್ರಾಕ್ಷಿ ಬೆಳೆಗಾರನಿಗೆ ರಾಜಧಾನಿಯಲ್ಲಿ ಅರ್ಧ ದಿನದ ಕೆಲಸವಿದ್ದರೆ ಇಂದಿಗೂ ಎರಡು ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಕಳೆಯಬೇಕು. ವಿಜಯಪುರದಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು. ವಿಜಯಪುರ ನಗರದ ಹೊರವಲಯದ ಬುರಣಾಪುರದಲ್ಲಿ ವಿಮಾನ ನಿಲ್ದಾಣದ ಕಾಮಗಾರಿಗೆ ಶಂಕುಸ್ಥಾಪನೆಯಾದದ್ದು 2021ರ ಫೆಬ್ರುವರಿಯಲ್ಲಿ. ಇಂತಹ ನಗರಗಳಿಂದ ದಿನಕ್ಕೆ ನೂರೈವತ್ತು ಜನ ಹೊರಡುವುದು ಅನುಮಾನ. ಹದಿನೈದು-ಇಪ್ಪತ್ತು ಜನ ಖಂಡಿತ ಹೊರಡುತ್ತಾರೆ. 14 ಆಸನಗಳ ಸರಸ್ ಹುಟ್ಟಿಕೊಂಡದ್ದು ಈ ಲೆಕ್ಕಾಚಾರದ ಮೇಲೆ. ಸಣ್ಣ ಊರು, ಚಿಕ್ಕ ರನ್‌ವೇ, ಕಡಿಮೆ ಪ್ರಯಾಣಿಕರು. ‘ಉಡಾನ್’ ಎಂಬ ಹೆಸರು ಕೇಳಿಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಎನ್‌ಎಎಲ್ ವಿಜ್ಞಾನಿಗಳು ಇದನ್ನು ಯೋಚಿಸಿದ್ದರೆಂಬುದನ್ನು ಮೆಚ್ಚಬೇಕು.

ಯೋಚನೆಗೂ ಹಾರಾಟಕ್ಕೂ ನಡುವೆ ಕಾಲ ಬಹಳ ಸಂದಿತು. 1980ರ ದಶಕದ ಕನಸು ರಷ್ಯದ ಮಯಾಸಿಶ್ಚೆವ್ ಸಂಸ್ಥೆಯ ಸಹಯೋಗಕ್ಕೆ ತಲುಪಿತ್ತು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಆ ನಂಟು ಕಡಿಯಿತು. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಅಮೆರಿಕ ಹೇರಿದ ನಿರ್ಬಂಧಗಳು ಅಡ್ಡಿಯಾದವು. 1999ರ ಸೆಪ್ಟೆಂಬರ್‌ನಲ್ಲಿ ಮಂಜೂರಾತಿ ದೊರೆಯಿತು. ಮೊದಲ ಮೂಲಮಾದರಿ ಹಾರಿದ್ದು 2004ರ ಮೇ 29ರಂದು. ಅಂದುಕೊಂಡದ್ದಕ್ಕಿಂತ ಅದು ಸುಮಾರು 900 ಕಿಲೋಗ್ರಾಂ ಹೆಚ್ಚು ತೂಗುತ್ತಿತ್ತು. ಇಷ್ಟು ಸಣ್ಣ ವಿಮಾನಕ್ಕೆ ಅದು ಹತ್ತು-ಹನ್ನೆರಡು ಪ್ರಯಾಣಿಕರ ಭಾರ. ಹೆಚ್ಚು ಶಕ್ತಿಯ ಎಂಜಿನ್ ಹೊತ್ತ ಎರಡನೆಯ ಮಾದರಿ 2007ರ ಏಪ್ರಿಲ್ 18ರಂದು ಹಾರಿತು. ಬಿಡದಿಯ ಬಳಿ ಬಿದ್ದದ್ದು ಅದೇ. ಆಗ ಅದು ಐವತ್ತು ಹಾರಾಟಗಳನ್ನೂ ಪೂರೈಸಿರಲಿಲ್ಲ.

ಅಪಘಾತದ ನಂತರದ ಕಥೆಯೇ ಹೆಚ್ಚು ಬೇಸರ ತರುವಂಥದ್ದು. ವಾಯುಪಡೆ 15 ಸರಸ್ ವಿಮಾನಗಳನ್ನು ಕೊಳ್ಳಲು ಆಸಕ್ತಿ ತೋರಿತ್ತು. ವರದಿ ಬಂದಿತು, ಲೋಪ ಗೊತ್ತಾಯಿತು, ತಿದ್ದುವ ದಾರಿಯೂ ತಿಳಿಯಿತು. ಆದರೆ ಯೋಜನೆ ಕ್ರಮೇಣ ಮೂಲೆ ಸೇರಿತು, ಅನುದಾನ ನಿಂತುಹೋಯಿತು. ಮೊದಲ ಮಾದರಿಯನ್ನೇ ಸುಧಾರಿಸಿ ಮತ್ತೆ ಹಾರಿಸಿದ್ದು 2018ರ ಜನವರಿ 24ರಂದು, ಅಂದರೆ ಸುಮಾರು ಒಂಬತ್ತು ವರ್ಷಗಳ ಬಳಿಕ. ವಿಂಗ್ ಕಮಾಂಡರ್ ಯು.ಪಿ. ಸಿಂಗ್, ಗ್ರೂಪ್ ಕ್ಯಾಪ್ಟನ್ ಆರ್.ವಿ. ಪಣಿಕ್ಕರ್ ಮತ್ತು ಗ್ರೂಪ್ ಕ್ಯಾಪ್ಟನ್ ಕೆ.ಪಿ. ಭಟ್ ಇದ್ದ ಆ ವಿಮಾನ 40 ನಿಮಿಷ ಹಾರಿ, 8,500 ಅಡಿ ಎತ್ತರ ಮುಟ್ಟಿ, ಎಚ್‌ಎಎಲ್ ನಿಲ್ದಾಣಕ್ಕೇ ಸುರಕ್ಷಿತವಾಗಿ ಮರಳಿತು. ಮುಂದೆ 19 ಆಸನಗಳ ಸರಸ್ ಮಾರ್ಕ್-2 ಯೋಜನೆ ರೂಪುಗೊಂಡಿತು. ಅಷ್ಟರಲ್ಲಿ ಉಡಾನ್ ಮಾರ್ಗಗಳಲ್ಲಿ ಫ್ರಾನ್ಸ್‌ನ ಎಟಿಆರ್, ಬ್ರೆಜಿಲ್‌ನ ಎಂಬ್ರೇಯರ್ ವಿಮಾನಗಳು ಹಾರತೊಡಗಿದ್ದವು. ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸಿದ 17 ಆಸನಗಳ ಡಾರ್ನಿಯರ್ 2022ರ ಏಪ್ರಿಲ್‌ನಲ್ಲಿ ಅರುಣಾಚಲದ ಪಾಸೀಘಾಟ್‌ಗೆ ಪ್ರಯಾಣಿಕರನ್ನು ಒಯ್ದಿತು. ಅದರ ಮೂಲ ವಿನ್ಯಾಸ ಜರ್ಮನಿಯದು.

ಹೊರಗಿನ ಒಂದು ಉದಾಹರಣೆ ಇಲ್ಲಿ ಅಪ್ರಸ್ತುತವಾಗಲಾರದು. 2011ರ ಏಪ್ರಿಲ್ 2ರಂದು ಅಮೆರಿಕದ ರಾಸ್ವೆಲ್‌ನಲ್ಲಿ ಗಲ್ಫ್‌ಸ್ಟ್ರೀಮ್ ಕಂಪನಿಯ ಜಿ-650 ಎಂಬ ಹೊಸ ವಿಮಾನ ಪರೀಕ್ಷೆಯ ವೇಳೆ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಒಂದು ಎಂಜಿನ್‌ನ ಬಲ ತಗ್ಗಿಸಿ ನೆಲಬಿಡುವ ಪರೀಕ್ಷೆ ಅದು. ಅಲ್ಲಿನ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆ ಬೆರಳು ತೋರಿಸಿದ್ದೂ ಕಚೇರಿಯ ಮೇಜಿನತ್ತಲೇ. ಟೇಕಾಫ್ ವೇಗದ ಲೆಕ್ಕ ತಪ್ಪಿತ್ತು; ಹಿಂದಿನ ಹಾರಾಟಗಳಲ್ಲಿ ವಿಮಾನ ಒಮ್ಮೆಲೆ ವಾಲಿದ ಪ್ರಸಂಗಗಳನ್ನು ಸರಿಯಾಗಿ ಪರಿಶೀಲಿಸಿರಲಿಲ್ಲ. ಕಂಪನಿ ಲೆಕ್ಕ ತಿದ್ದಿತು, ಪರೀಕ್ಷೆ ಮುಂದುವರಿಸಿತು. 2012ರ ಸೆಪ್ಟೆಂಬರ್‌ನಲ್ಲಿ, ಅಂದರೆ ಹದಿನೇಳು ತಿಂಗಳಲ್ಲಿ, ಪ್ರಮಾಣಪತ್ರ ಪಡೆಯಿತು. ಶ್ರೀಮಂತ ಖಾಸಗಿ ಕಂಪನಿಯನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಹೋಲಿಸುವುದು ನ್ಯಾಯವಲ್ಲ ಎಂಬ ಆಕ್ಷೇಪ ಒಪ್ಪತಕ್ಕದ್ದೇ. ಅಲ್ಲಿಯೂ ಎಲ್ಲರೂ ಹೀಗೆ ಚೇತರಿಸಿಕೊಂಡಿಲ್ಲ. 2006ರ ಜುಲೈನಲ್ಲಿ ಯೂಟಾ ರಾಜ್ಯದಲ್ಲಿ ಸ್ಪೆಕ್ಟ್ರಮ್-33 ಎಂಬ ಲಘು ಜೆಟ್, ರೆಕ್ಕೆಯ ನಿಯಂತ್ರಣವನ್ನು ತಿರುವುಮುರುವಾಗಿ ಜೋಡಿಸಿದ್ದರಿಂದ ನೆಲ ಬಿಟ್ಟೊಡನೆ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಆ ವಿಮಾನ ಮಾರುಕಟ್ಟೆಗೆ ಬರಲೇ ಇಲ್ಲ. ಸರಸ್‌ನ ವಿಷಯದಲ್ಲಿ ತಪ್ಪು ವಿಮಾನದ ಮೈಯಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ವಿಧಾನದಲ್ಲಿತ್ತು. ವಿಧಾನ ತಿದ್ದಲು ಒಂಬತ್ತು ವರ್ಷ ಬೇಕಿರಲಿಲ್ಲ.

ಅದೇ 2009ರ ನವೆಂಬರ್ 16ರಂದು ಕರ್ನಾಟಕದ ಗಡಿಯಾಚೆಯ ಹೊಸೂರಿನಲ್ಲಿ ಇನ್ನೊಂದು ಘಟನೆ ನಡೆಯಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ‘ರುಸ್ತುಂ-1’ ಎಂಬ ಚಾಲಕರಹಿತ ವಿಮಾನದ ಮೊದಲ ಹಾರಾಟ. ಎತ್ತರದ ಅಂದಾಜು ತಪ್ಪಿ, ವಿಮಾನ ಇನ್ನೂ ಗಾಳಿಯಲ್ಲಿದ್ದಾಗಲೇ ನೆಲದಿಂದ ಎಂಜಿನ್ ನಿಲ್ಲಿಸುವ ಆದೇಶ ಹೋಯಿತು. ವಿಮಾನ ಬಿತ್ತು. ಒಳಗೆ ಯಾರೂ ಇಲ್ಲದ್ದರಿಂದ ಅದು ಸುದ್ದಿಯ ಒಂದು ಕಾಲಮ್ಮಿನಲ್ಲಿ ಮುಗಿಯಿತು. ಮರುವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಹಾರಿತು. ಹೆಸರಿನ ಹಿಂದೊಂದು ಕಥೆಯಿದೆ. ರುಸ್ತುಂ ದಮಾನಿಯಾ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದವರು. 1980ರ ದಶಕದಲ್ಲಿ ಎನ್‌ಎಎಲ್‌ನಲ್ಲಿ ಲಘು ವಿಮಾನಗಳ ಕೆಲಸಕ್ಕೆ ಮುಂದಾಳಾಗಿದ್ದವರು. ಬೆಂಗಳೂರಿನ ಲಘು ವಿಮಾನ ವಿದ್ಯೆ ಬೆಳೆದದ್ದು ಹೀಗೆ, ಕೈಬೆರಳೆಣಿಕೆಯ ಜನರ ಹಠದಿಂದ.

ಆ ವಿದ್ಯೆಗೆ ಬೆಂಗಳೂರು ತೆತ್ತ ಬೆಲೆಯೂ ಊರಿನ ನಕ್ಷೆಯ ಮೇಲಿದೆ. ಹಳೆ ಮದ್ರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ದಿನವೂ ವಾಹನ ಸಾಲಿನಲ್ಲಿ ಸಿಲುಕುವವರಿಗೆ ಸುರಂಜನ್‌ದಾಸ್ ರಸ್ತೆಯ ಹೆಸರು ಗೊತ್ತು. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ 1961ರ ಜೂನ್ 17ರಂದು ‘ಮಾರುತ್’ ಯುದ್ಧವಿಮಾನವನ್ನು ಮೊದಲ ಬಾರಿ ಹಾರಿಸಿದವರು. 1970ರ ಜನವರಿ 10ರಂದು ಅದರದೇ ಸುಧಾರಿತ ಮಾದರಿಯ ಪರೀಕ್ಷೆಯಲ್ಲಿ ಮಡಿದವರು. 2019ರ ಫೆಬ್ರುವರಿ 1ರಂದು ಅದೇ ರನ್‌ವೇಯಲ್ಲಿ ಮಿರಾಜ್ ವಿಮಾನ ಪರೀಕ್ಷಿಸುತ್ತಿದ್ದ ಸಮೀರ್ ಅಬ್ರೋಲ್ ಮತ್ತು ಸಿದ್ಧಾರ್ಥ ನೇಗಿ ಎಂಬ ಇಬ್ಬರು ಯುವ ಅಧಿಕಾರಿಗಳು ಸತ್ತರು. ಇನ್ನೊಂದು ಮುಖವನ್ನೂ ಹೇಳಬೇಕು. 2001ರ ಜನವರಿ 4ರಂದು ಇಲ್ಲಿಂದಲೇ ಮೊದಲು ಹಾರಿದ ‘ತೇಜಸ್’, ಪರೀಕ್ಷೆಯ ಅಷ್ಟೂ ವರ್ಷ ಒಂದು ವಿಮಾನವನ್ನೂ ಕಳೆದುಕೊಳ್ಳಲಿಲ್ಲ. ಅದರ ಮೊದಲ ಅಪಘಾತ ಸಂಭವಿಸಿದ್ದು 2024ರ ಮಾರ್ಚ್‌ನಲ್ಲಿ, ಜೈಸಲ್ಮೇರ್‌ನಲ್ಲಿ. ಪೈಲಟ್ ಹೊರಜಿಗಿದು ಬದುಕಿದರು. ಅಂದರೆ ಎಚ್ಚರಿಕೆಯಿಂದ ಪರೀಕ್ಷಿಸುವುದು ನಮಗೆ ಬಾರದ ವಿದ್ಯೆಯೇನಲ್ಲ. ಒಂದೇ ರನ್‌ವೇಯ ಎರಡು ಯೋಜನೆಗಳ ನಡುವೆ ಆ ಎಚ್ಚರ ಏಕೆ ಹಂಚಿಕೆಯಾಗಲಿಲ್ಲ ಎಂಬುದೇ ಕೇಳಬೇಕಾದ ಪ್ರಶ್ನೆ.

ಒಂದು ವಿಷಯದಲ್ಲಿ ಸರಸ್ ಪ್ರಕರಣ ಉಳಿದವುಗಳಿಗಿಂತ ಮೇಲು. ಪೈಲಟ್‌ಗಳು ವಾಯುಪಡೆಯವರಾದರೂ ವಿಮಾನ ನಾಗರಿಕ ವರ್ಗದ್ದಾದ್ದರಿಂದ ತನಿಖಾ ವರದಿ ಸಾರ್ವಜನಿಕರಿಗೆ ದೊರೆಯಿತು. ಈ ಲೇಖನ ಸಾಧ್ಯವಾದದ್ದೂ ಅದರಿಂದಲೇ. ಸೇನಾ ವಿಮಾನಗಳ ತನಿಖಾ ವರದಿಗಳು ಸಾಮಾನ್ಯವಾಗಿ ಹೊರಬರುವುದಿಲ್ಲ. ಆದರೆ ಆಗ ತನಿಖೆ ನಡೆಸಿದ್ದು ವಿಮಾನಕ್ಕೆ ಹಾರಲು ಅನುಮತಿ ಕೊಡುವ ಮಹಾನಿರ್ದೇಶನಾಲಯವೇ. ಅನುಮತಿ ಕೊಟ್ಟವರೇ ತಪ್ಪು ಹುಡುಕಿದರೆ ತಮ್ಮ ಪಾಲನ್ನು ಎಷ್ಟು ಹುಡುಕಿಯಾರು? ಈ ಆಕ್ಷೇಪಕ್ಕೆ ಉತ್ತರವಾಗಿ ವಿಮಾನ ಅಪಘಾತ ತನಿಖಾ ಬ್ಯೂರೊ ಪ್ರತ್ಯೇಕವಾಗಿ ಸ್ಥಾಪನೆಯಾದದ್ದು 2012ರಲ್ಲಿ. ಅದೂ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲೇ ಇದೆ.

ಎಲ್ಲಿ ಪರೀಕ್ಷಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕೂಡ 2009ರ ನಂತರ ಬದಲಾಯಿತು. ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದ ಬಿಡದಿ ಅಂದೇ ಕಾರ್ಖಾನೆಗಳ ಊರಾಗಿತ್ತು. 2017ರ ಮೇ 28ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒ ತನ್ನ ವೈಮಾನಿಕ ಪರೀಕ್ಷಾ ವಲಯವನ್ನು ತೆರೆಯಿತು. ವಿಸ್ತೀರ್ಣ 4,290 ಎಕರೆ. ಬಯಲುಸೀಮೆಯ ಬರಡು ಭೂಮಿ ಎಂದು ಕಡತ ಹೇಳಬಹುದು. ಅಲ್ಲಿನ ಕುರಿಗಾಹಿಗಳಿಗೆ, ದನಗಾಹಿಗಳಿಗೆ ಅದು ಅಮೃತಮಹಲ್ ಕಾವಲು, ತಲೆಮಾರುಗಳ ಹುಲ್ಲುಗಾವಲು. ಅವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಪೈಲಟ್‌ನ ಕಾಲಡಿಗೆ ಬಯಲು ಬೇಕೆನ್ನುವ ನಾವು, ಆ ಬಯಲನ್ನು ಬಿಟ್ಟುಕೊಟ್ಟವರು ಯಾರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಯಲಾದರೂ ಜನರೇನೂ ದೂರವಿಲ್ಲ: 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಜೋಡಿಚಿಕ್ಕೇನಹಳ್ಳಿಯ ತೋಟದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ‘ತಪಸ್’ ಹೆಸರಿನ ಅದೇ ವಂಶದ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲಕ್ಕೆ ಬಂದು ಬಿತ್ತು. ಎರಡರಲ್ಲೂ ಪ್ರಾಣಹಾನಿಯಾಗಲಿಲ್ಲ.

ಅದೇ ಚಳ್ಳಕೆರೆಯ ಆಕಾಶದಲ್ಲಿ 2022ರ ಮೇ 17ರಂದು ಎನ್‌ಎಎಲ್‌ನ ಮತ್ತೊಂದು ಲಘು ವಿಮಾನ, ಎರಡು ಆಸನಗಳ ‘ಹಂಸ-ಎನ್‌ಜಿ’, ಒಂದು ಪರೀಕ್ಷೆಗೆ ಒಳಗಾಯಿತು. ಹಾರುತ್ತಿರುವಾಗಲೇ ಇದ್ದ ಒಂದೇ ಎಂಜಿನ್ ನಿಲ್ಲಿಸಿ ಮರುಚಾಲನೆ ಮಾಡುವ ಪರೀಕ್ಷೆ. ಎತ್ತರ 7,000ದಿಂದ 8,000 ಅಡಿ, ವೇಗ 60ರಿಂದ 70 ನಾಟ್. ಪ್ರೊಪೆಲ್ಲರ್ ಗಾಳಿಗೆ ತಾನಾಗಿ ತಿರುಗುತ್ತಿರುವಾಗ ಒಮ್ಮೆ, ಸ್ಟಾರ್ಟರ್‌ನ ನೆರವಿನಿಂದ ಇನ್ನೊಮ್ಮೆ, ಎರಡೂ ಬಗೆಯಲ್ಲಿ ವಿಮಾನದ ವರ್ತನೆಯನ್ನು ಅಳೆದರು. ಹಾರಿಸಿದವರು 2009ರಲ್ಲಿ ಮೂವರನ್ನು ಕಳೆದುಕೊಂಡ ವಾಯುಪಡೆಯ ಅದೇ ಪರೀಕ್ಷಾ ಘಟಕದ ಪೈಲಟ್‌ಗಳಾದ ವಿಂಗ್ ಕಮಾಂಡರ್ ಕೆ.ವಿ. ಪ್ರಕಾಶ್ ಮತ್ತು ವಿಂಗ್ ಕಮಾಂಡರ್ ಎನ್‌ಡಿಎಸ್ ರೆಡ್ಡಿ. ಎಂಜಿನ್ ಹೊತ್ತಿಕೊಂಡಿತು, ಇಬ್ಬರೂ ಕ್ಷೇಮವಾಗಿ ಇಳಿದರು.